ಪ್ರತಿ ಮಾಡುವ ಪೆಟ್ಟಿಗೆಗಳು

ಮಾಸ್ತಿಕಟ್ಟೆಯ ನಮ್ಮ ಮನೆಯ ಜಗಲಿಗೆ ಹೊಂದಿದ ಕೋಣೆಯಲ್ಲಿ ಹಲಸಿನ ಮರದ ಕಪಾಟೊಂದಿದೆ. ಅದರ ಮೇಲಿನ ಎರಡು ಅರೆಗಳಲ್ಲಿ ನಾನು ಪಿಎಚ್.ಡಿ. ಅಧ್ಯಯನದ ದಿನಗಳಲ್ಲಿ ಓಲೆಗರಿಗಳಿಂದ ಕೈಯಾರೆ ಎತ್ತಿಕೊಂಡ ಪ್ರತಿಗಳಿವೆ. ದಪ್ಪ ರಟ್ಟಿನ ನೋಟುಪುಸ್ತಕಗಳು, ಒಟ್ಟು ಹದಿನಾಲ್ಕು. ಕೆಳಗಿನ ಎರಡು ಅರೆಗಳಲ್ಲಿ ಬೂದು ಬಣ್ಣದ ಏಳು ಪ್ಲಾಸ್ಟಿಕ್ ಪೆಟ್ಟಿಗೆಗಳು. ಮನೆಗೆ ಬರುವ ಅಧ್ಯಾಪಕ ಮಿತ್ರರು ಮೇಲಿನ ಅರೆಗಳನ್ನು ಗೌರವದಿಂದ ನೋಡಿ, ಕೆಳಗಿನವುಗಳ ಮುಂದೆ ಬಗ್ಗಿ, ‘ಇವೇನು, ಹಳೆಯ ಟೇಪ್ ರೆಕಾರ್ಡರುಗಳೇ?’ ಎಂದು ಕೇಳುವುದುಂಟು. ಅಲ್ಲ. ತೊಂಬತ್ತರ ದಶಕದಲ್ಲಿ ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ತಯಾರಾದ, ವಿಡಿಯೊ ಆಟಗಳ ಕಾರ್ಟ್ರಿಜ್‌ಗಳನ್ನು ಪ್ರತಿ ಮಾಡುವ ಯಂತ್ರಗಳು ಅವು. ಹಳಗನ್ನಡ ಕಲಿಸುವವನ ಮನೆಯಲ್ಲಿ ಇವಕ್ಕೇನು ಕೆಲಸವೆಂಬ ಪ್ರಶ್ನೆಗೆ ಇದುವರೆಗೆ ನಗೆಯ ಉತ್ತರವನ್ನಷ್ಟೇ ಕೊಟ್ಟಿದ್ದೇನೆ. ಈ ಬರಹ ಸ್ವಲ್ಪ ಸರಿಯಾದ ಉತ್ತರ.

ಮೊದಲು ಯಂತ್ರದ ವಿಚಾರ. ಆಟದ ಕಾರ್ಟ್ರಿಜ್ ಎಂದರೆ ಅಂಗೈಯಗಲದ ಪ್ಲಾಸ್ಟಿಕ್ ಕವಚ. ಒಳಗೊಂದು ಹಸಿರು ಹಲಗೆ, ಅದರ ಮೇಲೆ ಅಳಿಸಲಾಗದಂತೆ ಆಟವನ್ನು ತುಂಬಿದ ಚಿಪ್ಪು. ಇದನ್ನು ಟಿ.ವಿ.ಗೆ ಜೋಡಿಸಿದ ಕನ್ಸೋಲಿನ ಬಾಯಿಗೆ ಸಿಕ್ಕಿಸಿದರೆ ಆಟ ಆರಂಭವಾಗುತ್ತದೆ. ಪ್ರತಿ ಮಾಡುವ ಯಂತ್ರ ಇವೆರಡರ ನಡುವೆ ಬಂದು ಕೂರುತ್ತದೆ: ಅದರ ಕಾಲು ಕನ್ಸೋಲಿನ ಬಾಯಲ್ಲಿ, ತಲೆಯ ಮೇಲೆ ಮೂಲ ಕಾರ್ಟ್ರಿಜ್. ಅದು ಕಾರ್ಟ್ರಿಜನ್ನು ಮೊದಲಿನಿಂದ ಕೊನೆಯವರೆಗೆ ಓದಿ ತನ್ನ ತಾತ್ಕಾಲಿಕ ಸ್ಮೃತಿಯಲ್ಲಿರಿಸಿಕೊಂಡು, ಬಳಿಕ ಮೂರೂವರೆ ಅಂಗುಲದ ಫ್ಲಾಪಿಗೆ ಬರೆಯುತ್ತದೆ. ಆಡಬೇಕಾದಾಗ ಫ್ಲಾಪಿಯಿಂದ ಮತ್ತೆ ಸ್ಮೃತಿಗೆ. ಕನ್ಸೋಲು ತನ್ನ ಮುಂದಿರುವುದು ಮೂಲವೆಂದೇ ನಂಬುತ್ತದೆ. ವಿದ್ಯುತ್ತು ಹೋದರೆ ಸ್ಮೃತಿ ಬರಿದು. ಮತ್ತೆ ಮೊದಲಿನಿಂದ ಓದಿಸಬೇಕು. ಆಗಿನ ಆಟಗಳ ಗಾತ್ರವನ್ನು ಮೆಗಾಬಿಟ್‌ಗಳಲ್ಲಿ ಹೇಳುವ ರೂಢಿಯಿತ್ತು. 8 ಮೆಗಾಬಿಟ್ ಎಂದರೆ ಒಂದು ಮೆಗಾಬೈಟ್, ಅದಕ್ಕೆ ಒಂದು ಫ್ಲಾಪಿ ಸಾಕು. 32 ಮೆಗಾಬಿಟ್ಟಿನ ದೊಡ್ಡ ಆಟವಾದರೆ ಮೂರು ಫ್ಲಾಪಿಗಳ ಕಟ್ಟು. ನಡುವಿನದೊಂದು ಕೆಟ್ಟರೆ ಮೂರೂ ವ್ಯರ್ಥ.

ಈ ಏಳರಲ್ಲಿ ಮೊದಲನೆಯದು, ಫ್ರಂಟ್ ಫಾರ್‌ಈಸ್ಟ್ ಎಂಬ ತೈವಾನಿನ ಕಂಪನಿಯ ‘ಸೂಪರ್ ವೈಲ್ಡ್ ಕಾರ್ಡ್’, ನನ್ನ ತಮ್ಮನದು.

ನಮ್ಮ ಅಪ್ಪಯ್ಯನದು ಮಾಸ್ತಿಕಟ್ಟೆಯಲ್ಲಿ ಸಣ್ಣ ಜಿನಸಿನ ಅಂಗಡಿ. ವಾರಾಹಿ ಜಲವಿದ್ಯುತ್ ಯೋಜನೆಯ ಕಾಮಗಾರಿ ನಡೆದ ವರ್ಷಗಳಲ್ಲಿ ಮೇಲೆ ಮಾಣಿಯ ಅಣೆಕಟ್ಟು, ಘಟ್ಟದ ಕೆಳಗೆ ಹೊಸಂಗಡಿಯ ಬಳಿ ಭೂಗರ್ಭದಲ್ಲಿ ವಿದ್ಯುದಾಗಾರ, ಮಾಸ್ತಿಕಟ್ಟೆಯಲ್ಲಿ ನೌಕರರ ಕಾಲೊನಿ ಎದ್ದು ನಿಂತವು. ಕಾಡಿನ ನಡುವಿನ ನಮ್ಮ ಊರಿಗೆ ನಾಡಿನ ಎಲ್ಲ ಕಡೆಯ ಮಾತು, ಊಟ, ಸಾಮಾನುಗಳು ಒಮ್ಮೆಲೇ ಬಂದದ್ದು ಹಾಗೆ. ಕಾಲೊನಿಯ ಮನೆಯೊಂದರಲ್ಲಿ ತಮ್ಮ ಮೊದಲ ಬಾರಿ ವಿಡಿಯೊ ಆಟ ನೋಡಿದ. ಆಗ ‘ಸಮುರಾಯ್’ ಮುಂತಾದ ಹೆಸರುಗಳಲ್ಲಿ ನಮ್ಮ ದೇಶದಲ್ಲಿ ಸಿಗುತ್ತಿದ್ದುದು ಜಪಾನಿನ ಫ್ಯಾಮಿಕಾಮ್ ಬಗೆಯ ಯಂತ್ರ. ಫ್ಯಾಮಿಕಾಮ್ ಅಲ್ಲಿ 1983ರಲ್ಲಿ ಹೊರಬಂದಿತ್ತು. ಅದರೊಂದಿಗೆ ಬರುತ್ತಿದ್ದ ಒಂದು ಕಾರ್ಟ್ರಿಜ್‌ನಲ್ಲಿ ಅರವತ್ತನಾಲ್ಕು ಆಟಗಳೆಂದೂ, ಲಕ್ಷಾಂತರ ಆಟಗಳೆಂದೂ ಬರೆದಿರುತ್ತಿತ್ತು. ಅವೆಲ್ಲವೂ ನಕಲು, ಲಕ್ಷವೆಂದು ಬರೆದಲ್ಲಿ ನಾಲ್ಕಾರು ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಮರಳಿ ಬರುತ್ತಿದ್ದವು. ನಮಗಿದ್ಯಾವುದೂ ತಿಳಿದಿರಲಿಲ್ಲ. ನಾನು ಹೊರಗೆ ನಿಂತು, ‘ಕತ್ತಲಾಯಿತು, ಬಾರೋ’ ಎಂದು ಕರೆಯುತ್ತಿದ್ದೆ. ಅವನು ಬರುತ್ತಿರಲಿಲ್ಲ.

ಮುಂದೆ ಅವನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬೆಂಗಳೂರು ಸೇರಿದ. ರಿಪೇರಿ ಅಂಗಡಿಯೊಂದರಲ್ಲಿ ಕೆಲಸ. ಅಂಗಡಿಯ ಮಾಲೀಕರು ಸಿಂಗಪುರದಿಂದ ತರಿಸಿದ್ದ ಈ ಯಂತ್ರವನ್ನು ಅವನು ಕಂತಿನಲ್ಲಿ ಕೊಂಡುಕೊಂಡ. ರಾತ್ರಿ ಹೊತ್ತು ತನ್ನ ಬಾಡಿಗೆ ಕೋಣೆಯಲ್ಲಿ ಆಟಗಳನ್ನು ಫ್ಲಾಪಿಗಿಳಿಸಿ, ಅಂಥದೇ ಯಂತ್ರವಿದ್ದ ಬೆರಳೆಣಿಕೆಯ ಶ್ರೀಮಂತ ಹುಡುಗರಿಗೆ ಮಾರುತ್ತಿದ್ದ. ಅದೇ ವರ್ಷಗಳಲ್ಲಿ ನಾನು ಮಠಗಳ ಗ್ರಂಥಭಂಡಾರಗಳಲ್ಲಿ ಕುಳಿತು, ಗರಿಗಳಿಗೆ ಕಣ್ಣು ತಾಗಿಸಿ, ಒಂದು ಸಣ್ಣ ಜೈನಪುರಾಣದ ಮೂರು ಪ್ರತಿಗಳ ಪಾಠಾಂತರಗಳನ್ನು ಗುರುತಿಸಿಕೊಳ್ಳುತ್ತಿದ್ದೆ. 1997ರ ದೀಪಾವಳಿಗೆ ಇಬ್ಬರೂ ಮನೆಗೆ ಬಂದಾಗ ಜಗಳವಾಯಿತು. ಅವನು ಮಾಡುತ್ತಿರುವುದು ಕಳ್ಳತನವೆಂದು ನಾನು ಅಪ್ಪಯ್ಯನ ಎದುರೇ ಹೇಳಿದೆ. ಅವನು ನಗುತ್ತಲೇ, ‘ನೀ ಮಠದಲ್ಲಿ ಕೂತು ಮಾಡೋದೂ ಅದೇ ಅಲ್ವೇನಣ್ಣ? ನಿಂದು ಕೈ, ನಂದು ಮಿಷನ್ನು’ ಎಂದ. ‘ನಾನು ಉಳಿಸಲಿಕ್ಕೆ ಪ್ರತಿ ಮಾಡ್ತೇನೆ, ನೀನು ಮಾರಲಿಕ್ಕೆ’ ಎಂದೆ. ಒಳ್ಳೆಯ ಉತ್ತರ ಕೊಟ್ಟೆನೆಂದು ಆಗ ಅನ್ನಿಸಿತ್ತು. ಅವನು ಮತ್ತೆ ನನ್ನೆದುರು ಆ ಯಂತ್ರದ ಮಾತೆತ್ತಲಿಲ್ಲ. 2004ರ ಮಳೆಗಾಲದಲ್ಲಿ ಬಂದ ಜ್ವರ ಅವನನ್ನು ಹನ್ನೊಂದು ದಿನಗಳಲ್ಲಿ ಒಯ್ದಿತು. ಮೂವತ್ತು ತುಂಬಿರಲಿಲ್ಲ.

ಅವನ ಟ್ರಂಕು ಎಂಟು ವರ್ಷ ಅಟ್ಟದ ಮೇಲಿತ್ತು. ಅಪ್ಪಯ್ಯ ತೀರಿಕೊಂಡ ವರ್ಷ ಅದನ್ನು ಇಳಿಸಿ ತೆಗೆದೆ.

ಯಂತ್ರದ ಕೆಳಗೆ ಫ್ಲಾಪಿಗಳು ಅಚ್ಚುಕಟ್ಟಾಗಿ ಜೋಡಿಸಿದ್ದವು. ಒಂದೊಂದರ ಮೇಲೂ ಆಟದ ಹೆಸರು, ಎಷ್ಟನೆಯ ಫ್ಲಾಪಿ, ಪ್ರತಿ ಮಾಡಿದ ದಿನಾಂಕ, ಮೂಲ ಯಾರಿಂದ ಬಂದದ್ದು ಎಂಬ ಒಕ್ಕಣೆ. ಎಲ್ಲವೂ ಅವನ ಸಣ್ಣ, ನೇರ ಕನ್ನಡ ಅಕ್ಷರಗಳಲ್ಲಿ. ಕೆಲವದರ ಮೇಲೆ ‘ಎರಡು ಸಲ ತಾಳೆ ನೋಡಿದೆ’ ಎಂದಿತ್ತು. ನಾನು ಹೆಚ್ಚು ಹೊತ್ತು ನೋಡುತ್ತ ಕುಳಿತದ್ದು ಈ ಚೀಟಿಗಳನ್ನೇ. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರ ತಾನು ಯಾವ ಸಂವತ್ಸರದಲ್ಲಿ, ಯಾರಿಗಾಗಿ, ಯಾವ ಮಾತೃಕೆಯಿಂದ ಬರೆದೆನೆಂದು ಹೇಳುವ ಪುಷ್ಪಿಕೆಯನ್ನು ನಾನು ತರಗತಿಯಲ್ಲಿ ಪಾಠ ಮಾಡುತ್ತೇನೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಕೈಲಿ ಹಿಡಿದು ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಮನೆಯ ಅಟ್ಟದ ಮೇಲೆಯೇ ಒಬ್ಬ ಲಿಪಿಕಾರನಿದ್ದುದು ಕಂಡಿರಲಿಲ್ಲ.

ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಯೊಬ್ಬನ ನೆರವಿನಿಂದ ಓದಲು ಬಂದ ಫ್ಲಾಪಿಗಳನ್ನು ತೆರೆದು ನೋಡಿದಾಗ ಇನ್ನೂ ಒಂದು ಸಂಗತಿ ತಿಳಿಯಿತು. ಪ್ರತಿಯೊಂದು ಆಟದ ಕಡತದ ಆರಂಭದಲ್ಲೂ 512 ಬೈಟುಗಳ ತಲೆಬರಹವೊಂದಿರುತ್ತದೆ. ಅದು ಆಟದ ಭಾಗವಲ್ಲ. ಪ್ರತಿ ಮಾಡಿದ ಯಂತ್ರ ತಾನೇ ಸೇರಿಸಿದ್ದು. ಆಟದ ಗಾತ್ರವೆಷ್ಟು, ಮುಂದಿನ ಫ್ಲಾಪಿ ಇದೆಯೇ, ಚಿಪ್ಪಿನೊಳಗಿನ ಜೋಡಣೆ ಯಾವ ಬಗೆಯದು, ಬರೆದ ಯಂತ್ರ ಯಾವ ಜಾತಿಯದು ಎಂಬ ವಿವರಗಳು ಮೊದಲ ಕೆಲವು ಬೈಟುಗಳಲ್ಲಿ ಮುಗಿಯುತ್ತವೆ. ಉಳಿದದ್ದು ಬಹುಪಾಲು ಸೊನ್ನೆ. ನಮ್ಮಲ್ಲಿ ಪುಷ್ಪಿಕೆ ಕೊನೆಗಿರುತ್ತದೆ, ಇಲ್ಲಿ ಮೊದಲಿಗಿದೆ, ಅಷ್ಟೇ ವ್ಯತ್ಯಾಸ. ಇಂದು ಮೂಲ ಯಂತ್ರಗಳನ್ನು ಕಣ್ಣಿನಿಂದಲೂ ಕಾಣದವರು ಕಂಪ್ಯೂಟರಿನಲ್ಲಿ ಸೂಪರ್ ನಿಂಟೆಂಡೊ ಆಟಗಳನ್ನು ಆಡುವಾಗ, ಆ ಕಡತಗಳ ಹೆಸರಿನ ಕೊನೆಗೆ ‘ಎಸ್‌ಎಂಸಿ’ ಎಂಬ ಮೂರಕ್ಷರಗಳಿರುತ್ತವೆ. ಅದು ‘ಸೂಪರ್ ಮ್ಯಾಜಿಕಾಮ್’ ಎಂಬ ಪ್ರತಿಯಂತ್ರದ ಹೆಸರಿನಿಂದ ಬಂದದ್ದು. ಯಂತ್ರಗಳು ಗುಜರಿಗೆ ಹೋದವು, ಅವುಗಳ ಅಂಕಿತ ಉಳಿಯಿತು.

ನನಗೆ ಸಂಗ್ರಹದ ಚಟ ಹತ್ತಿದ್ದು ಇಲ್ಲಿಂದ. ಸಿಂಗಪುರದಲ್ಲಿರುವ ಸೋದರಳಿಯ ಎರಡನ್ನು ತಂದುಕೊಟ್ಟ. ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆ ಸಾಮಾನಿನ ರಾಶಿಯಲ್ಲಿ ಒಂದು ಸಿಕ್ಕಿತು, ಮಾರುವವನಿಗೆ ಅದು ಏನೆಂದೇ ಗೊತ್ತಿರಲಿಲ್ಲ. ಹೆಚ್ಚು ಹೇಳಬೇಕಾದ್ದು ಸೇಗಾ ಕಂಪನಿಯ ಮೆಗಾ ಡ್ರೈವ್‌ಗೆ ಬಳಸುವ ‘ಸೂಪರ್ ಮ್ಯಾಜಿಕ್ ಡ್ರೈವ್’ ಬಗ್ಗೆ. ಅದು ಆಟವನ್ನು ಇದ್ದ ಕ್ರಮದಲ್ಲಿ ಬರೆಯುವುದಿಲ್ಲ. 16 ಕಿಲೋಬೈಟುಗಳ ಒಂದೊಂದು ಖಂಡವನ್ನೂ ಬಿಚ್ಚಿ, ಒಂದು ಬಿಟ್ಟು ಒಂದರಂತೆ ಆಯ್ದ ಬೈಟುಗಳನ್ನು ಮೊದಲರ್ಧದಲ್ಲಿ, ಬಿಟ್ಟವನ್ನು ಎರಡನೆಯ ಅರ್ಧದಲ್ಲಿ ಇಡುತ್ತದೆ. ಇದರ ಗುಟ್ಟು ತಿಳಿಯದೆ ಓದಿದರೆ ಎಲ್ಲವೂ ಅಯೋಮಯ. ದಾರ ಹರಿದು ಗರಿಗಳು ಪಲ್ಲಟವಾದ ಕಟ್ಟನ್ನು ಎದುರಿಗಿಟ್ಟುಕೊಂಡು, ಛಂದಸ್ಸಿನ ಲೆಕ್ಕದಿಂದ ಯಾವುದರ ನಂತರ ಯಾವುದೆಂದು ಹುಡುಕಿದ ನನಗೆ ಇದು ಪರಿಚಿತ ಸಂಕಟ. ಉಳಿದವುಗಳಲ್ಲಿ ಹಾಂಗ್‌ಕಾಂಗಿನ ಬಂಗ್ ಕಂಪನಿಯ ‘ಗೇಮ್ ಡಾಕ್ಟರ್’ ಇದೆ; ವೈದ್ಯನ ಹೆಸರಿಟ್ಟುಕೊಂಡ ಕಳ್ಳನೆಂದು ನನ್ನ ಹೆಂಡತಿ ಅದನ್ನು ಹಾಸ್ಯ ಮಾಡುತ್ತಾಳೆ.

ಆಟ ತಯಾರಿಸಿದವರು ಸುಮ್ಮನಿರಲಿಲ್ಲ. ಕೆಲವು ಕಾರ್ಟ್ರಿಜ್‌ಗಳೊಳಗೆ ಆಟದ ಜೊತೆಗೆ ಗಣಿತ ಮಾಡುವ ಬೇರೆ ಚಿಪ್ಪಿರುತ್ತಿತ್ತು. 1992ರ ‘ಸೂಪರ್ ಮಾರಿಯೋ ಕಾರ್ಟ್’ ಅಂಥದು. ಆಟದ ಮಾತನ್ನೆಲ್ಲ ಎತ್ತಿಕೊಂಡರೂ ಆ ಚಿಪ್ಪನ್ನು ಫ್ಲಾಪಿಗೆ ಎತ್ತಿಕೊಳ್ಳಲಾಗದು. ಇನ್ನು ಕೆಲವು ಆಟಗಳು ತಮ್ಮ ಕಾರ್ಟ್ರಿಜ್‌ನಲ್ಲಿರುವ ಸ್ಮೃತಿಯ ಗಾತ್ರವನ್ನು ತಾವೇ ಅಳೆದು ನೋಡುತ್ತಿದ್ದವು. ಪ್ರತಿಯಂತ್ರದಲ್ಲಿ ಆ ಸ್ಮೃತಿ ಮೂಲಕ್ಕಿಂತ ದೊಡ್ಡದಿರುತ್ತಿದ್ದುದರಿಂದ ಗುಟ್ಟು ರಟ್ಟಾಗುತ್ತಿತ್ತು. ಅಮೆರಿಕದಲ್ಲಿ 1995ರಲ್ಲಿ ಬಂದ ‘ಅರ್ತ್‌ಬೌಂಡ್’ನ ಕಥೆ ಇದರಲ್ಲಿ ಕ್ರೂರವಾದದ್ದು. ಮೊದಲ ಎಚ್ಚರಿಕೆಯನ್ನು ದಾಟಿಸಿ ಆಡತೊಡಗಿದ ನಕಲಿನಲ್ಲಿ ದಾರಿಯುದ್ದಕ್ಕೂ ವೈರಿಗಳು ವಿಪರೀತ ಹೆಚ್ಚುತ್ತಾರೆ. ಅವರನ್ನೂ ಗೆದ್ದು ಕೊನೆಯ ಯುದ್ಧಕ್ಕೆ ಬಂದರೆ ಆಟ ಅಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಮತ್ತೆ ಆರಂಭಿಸಿದರೆ ಅದುವರೆಗೆ ಉಳಿಸಿಟ್ಟದ್ದೆಲ್ಲ ಅಳಿಸಿಹೋಗಿರುತ್ತದೆ. ದತ್ತಿಯನ್ನು ಅಳಿಪಿದವರಿಗೆ ನಮ್ಮ ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯಗಳಲ್ಲೂ ಇಷ್ಟು ತಾಳ್ಮೆಯಿಲ್ಲ.

ಇಲ್ಲಿ ನಾನು ಮೂಡಬಿದಿರೆಯ ಮಾತಿಗೆ ಬರಬೇಕು. ಜಗಳದ ದಿನ ತಮ್ಮನಿಗೆ ನಾನು ಹೇಳದೆ ಉಳಿಸಿಕೊಂಡ ಸಂಗತಿ ಅದು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಓಲೆಗರಿಗಳು ಮೂಡಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ, ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಸಿಗುತ್ತಿದ್ದವು, ಓದಲು ಸಿಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಸೊಲ್ಲಾಪುರದ ಹೀರಾಚಂದ ನೇಮಚಂದರು, ಮುಂಬಯಿಯ ಮಾಣಿಕಚಂದರು ಹಣ ಕೂಡಿಸಿ ಪ್ರತಿ ಮಾಡಿಸುವ ಏರ್ಪಾಡು ಮಾಡಿದರು. ಪ್ರತಿ ಮೂಡಬಿದಿರೆಯಲ್ಲೇ ಉಳಿಯಬೇಕೆಂಬುದು ಕಟ್ಟಳೆ. ಆ ಕೆಲಸದಲ್ಲಿದ್ದ ಗಜಪತಿ ಶಾಸ್ತ್ರಿಗಳು ಗುಟ್ಟಾಗಿ, ಮನೆಯಲ್ಲಿ, ಪತ್ನಿಯ ನೆರವಿನಿಂದ ಇನ್ನೊಂದು ಪ್ರತಿ ಎತ್ತಿಕೊಂಡರು. ಅದನ್ನು ಹೀರಾಚಂದರಿಗೆ ಒಪ್ಪಿಸಹೋದಾಗ ಅವರು ಧರ್ಮವಲ್ಲವೆಂದು ತೆಗೆದುಕೊಳ್ಳಲಿಲ್ಲ. ಕೊನೆಗೆ ಪ್ರತಿ ಸಹಾರನಪುರದ ಶ್ರೀಮಂತರೊಬ್ಬರ ಕೈ ಸೇರಿತು, ಹಣಕ್ಕೆ. ಅಲ್ಲಿ ಅದನ್ನು ನಾಗರಿಗೆ ಇಳಿಸಲು ನೇಮಿಸಿದ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದನ್ನು ಗುಟ್ಟಾಗಿಯೇ ಬರೆದುಕೊಂಡರು. ಅದರಿಂದ ಹಲವು ಪ್ರತಿಗಳಾದವು. ಹೀರಾಲಾಲ ಜೈನರು 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಅಚ್ಚು ಹಾಕಿಸಲು ಸಾಧ್ಯವಾದದ್ದು ಈ ಕದ್ದ ಪ್ರತಿಗಳ ಸಂತಾನದಿಂದಲೇ. ಮೂಲದ ಗರಿಗಳೊಡನೆ ತಾಳೆ ನೋಡುವ ಅನುಮತಿ ಬಂದದ್ದು ಆಮೇಲೆ.

ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ನಾವು ಭಾಷಣಗಳಲ್ಲಿ ಮತ್ತೆ ಮತ್ತೆ ನೆನೆಯುತ್ತೇವೆ, ನೆನೆಯಬೇಕಾದ್ದೇ. ಗಜಪತಿ ಶಾಸ್ತ್ರಿಗಳನ್ನು ನೆನೆಯುವಾಗ ಸ್ವಲ್ಪ ಗಂಟಲು ಸರಿಮಾಡಿಕೊಳ್ಳುತ್ತೇವೆ. ಅವರು ಉಳಿಸಲು ಪ್ರತಿ ಮಾಡಿದರೋ, ಮಾರಲೋ? ಎರಡೂ ಹೌದು. ಇದು ನನಗೆ 1997ರಲ್ಲಿಯೂ ಗೊತ್ತಿತ್ತು. ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲೇ ಅಡಿಟಿಪ್ಪಣಿಯಾಗಿ ಇತ್ತು. ಗೊತ್ತಿದ್ದೂ ನಾನು ತಮ್ಮನೆದುರು ‘ಉಳಿಸಲು’ ಎಂಬ ಮಾತನ್ನು ನನ್ನ ಕಡೆಗೆ, ‘ಮಾರಲು’ ಎಂಬುದನ್ನು ಅವನ ಕಡೆಗೆ ಹಂಚಿಬಿಟ್ಟೆ. ಹಾಗೆಂದು ಅವನನ್ನು ಪೂರ್ತಿ ಸಮರ್ಥಿಸಲೂ ನಾನು ಸಿದ್ಧನಿಲ್ಲ. ಆಟ ಕಟ್ಟಿದವರು ಬದುಕಿದ್ದರು, ಅವರ ಅನ್ನ ಅದರಲ್ಲಿತ್ತು. ಅವನು ಮಾರಿದ ಫ್ಲಾಪಿಗಳಿಂದ ಅವರಿಗೆ ಕಾಸೂ ಹೋಗಲಿಲ್ಲ. ಧವಲೆಯ ಕರ್ತೃ ಸಾವಿರ ವರ್ಷದ ಹಿಂದಿನವರು. ವ್ಯತ್ಯಾಸ ನಿಜವಾದದ್ದು. ನಾನು ಅಂದು ಹೇಳಿದ ವ್ಯತ್ಯಾಸ ಅದಲ್ಲ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂದು ಒಮ್ಮೆ ಕುತೂಹಲದಿಂದ ಓದಿದೆ. ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ಅದಕ್ಕೆ 1994ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮನ್ನು ನ್ಯಾಯವಾಗಿ ಹೊಂದಿದವನು ನಾಶ, ನಷ್ಟಗಳಿಂದ ರಕ್ಷಣೆಗಾಗಿ ತನ್ನ ಬಳಕೆಗೆ ತಾತ್ಕಾಲಿಕ ಪ್ರತಿ ಇಟ್ಟುಕೊಳ್ಳಬಹುದು. ಮಾರುವುದಕ್ಕೆ ಈ ಅವಕಾಶವಿಲ್ಲ. ಅಮೆರಿಕದಲ್ಲಿ 1983ರಲ್ಲಿ ಅಟಾರಿ ಕಂಪನಿ ‘ಪ್ರಾಮ್ ಬ್ಲಾಸ್ಟರ್’ ಎಂಬ ಪ್ರತಿಯಂತ್ರವನ್ನು ಮಾರುತ್ತಿದ್ದವರ ಮೇಲೆ ದಾವೆ ಹೂಡಿದಾಗ ನ್ಯಾಯಾಲಯ ಕೊಟ್ಟ ಕಾರಣ ಸ್ವಾರಸ್ಯದ್ದು: ಡಿಸ್ಕು, ಟೇಪುಗಳು ಯಾಂತ್ರಿಕ, ವಿದ್ಯುತ್ ದೋಷಗಳಿಂದ ಕೆಡುತ್ತವೆ, ಅವಕ್ಕೆ ರಕ್ಷಣಾಪ್ರತಿ ಬೇಕು; ಕಾರ್ಟ್ರಿಜ್‌ಗೆ ಆ ಭಯವಿಲ್ಲ, ಆದ್ದರಿಂದ ಪ್ರತಿ ಬೇಡ. ವಿಚಿತ್ರವೆಂದರೆ, 1986ರಲ್ಲಿ ನಿಂಟೆಂಡೊ ಕಂಪನಿಯೇ ಜಪಾನಿನಲ್ಲಿ ಫ್ಯಾಮಿಕಾಮ್‌ಗಾಗಿ ಚಿಕ್ಕ ಡಿಸ್ಕುಗಳನ್ನು ತಂದು, ಅಂಗಡಿಗಳಲ್ಲಿ ಯಂತ್ರಗಳನ್ನಿಟ್ಟಿತು. ಹಳೆಯ ಆಟವನ್ನು ಅಳಿಸಿ ಹೊಸದನ್ನು ಬರೆಸಿಕೊಳ್ಳಲು 500 ಯೆನ್. ಪ್ರತಿ ಮಾಡುವುದು ತಪ್ಪಲ್ಲ, ಯಾರು ಮಾಡುತ್ತಾರೆಂಬುದೇ ಪ್ರಶ್ನೆ.

ಕಾರ್ಟ್ರಿಜ್ ಕೆಡದೆಂದ ಆ ನ್ಯಾಯಾಧೀಶರು ಮಾಸ್ತಿಕಟ್ಟೆಯಲ್ಲಿ ಒಂದು ಮಳೆಗಾಲ ಕಳೆಯಬೇಕಿತ್ತು. ಹುಲಿಕಲ್ಲು, ಮಾಸ್ತಿಕಟ್ಟೆ, ಆಗುಂಬೆಗಳು ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳು. ಇಲ್ಲಿ ಚರ್ಮದ ಚಪ್ಪಲಿಗೆ ನಾಲ್ಕು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಉಪ್ಪು ಭರಣಿಯಲ್ಲೇ ನೀರಾಗುತ್ತದೆ. ಫ್ಲಾಪಿಯ ಕಂದು ಹಾಳೆಯ ಮೇಲೂ ಬಿಳಿಯ ಬೂಷ್ಟು ಚುಕ್ಕೆ ಚುಕ್ಕೆಯಾಗಿ ಏಳುತ್ತದೆ; ಹಾಗೆಯೇ ಯಂತ್ರಕ್ಕೆ ಹಾಕಿದರೆ ಓದುವ ಮೊನೆ ಅದನ್ನು ಉಜ್ಜಿ ಹಾಳೆಯನ್ನೇ ಗೀಚುತ್ತದೆ. ಬಾಗಿಲು ಸರಿಸಿ, ಹಾಳೆಯನ್ನು ತುಸುತುಸುವೇ ತಿರುಗಿಸುತ್ತ, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಬೇಕು. ಹಳೆಯ ಡಿಸ್ಕ್ ಯಂತ್ರಗಳ ರಬ್ಬರ್ ಪಟ್ಟಿ ಕರಗಿ ಹಲಸಿನ ಮೇಣದಂತೆ ಅಂಟಾಗುತ್ತದೆ. ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರುವುದನ್ನು ಕಲಿತಿದ್ದ ಕೈಗೆ ಈ ಕೆಲಸ ಹೊಸದೆನಿಸಲಿಲ್ಲ. ತಮ್ಮನ ನೂರ ಹನ್ನೆರಡು ಫ್ಲಾಪಿಗಳಲ್ಲಿ ಪೂರ್ತಿ ಓದಲು ಬಂದವು ಎಪ್ಪತ್ತು. ಅವನ್ನೆಲ್ಲ ಬೇರೆಡೆಗೆ ಇಳಿಸಿ, ಮತ್ತೆ ಹೊಸ ಫ್ಲಾಪಿಗಳಿಗೂ ಬರೆದಿಟ್ಟಿದ್ದೇನೆ. ಯಾರಿಗೂ ಕೊಟ್ಟಿಲ್ಲ, ಮಾರಿಲ್ಲ.

ಟ್ರಂಕಿನಲ್ಲಿ ಮೂಲ ಕಾರ್ಟ್ರಿಜ್ ಇದ್ದುದು ಒಂದೇ: ‘ಜೆಲ್ಡಾ’ ಮಾಲೆಯ ‘ಎ ಲಿಂಕ್ ಟು ದ ಪಾಸ್ಟ್’. ಅವನು ದುಡ್ಡು ಕೊಟ್ಟು ಕೊಂಡ ಆಟ. ಇದರಲ್ಲಿ ಆಡಿದಷ್ಟನ್ನು ಉಳಿಸಿಡಲು ಮೂರು ಸಾಲುಗಳಿರುತ್ತವೆ. ಪ್ರತಿ ಸಾಲಿಗೂ ಆಡುವವರು ಹೆಸರು ಬರೆಯಬೇಕು. ಆ ಹೆಸರುಗಳನ್ನು ಹಿಡಿದಿಡುವುದು ಕಾರ್ಟ್ರಿಜ್‌ನೊಳಗಿನ ನಾಣ್ಯದಂಥ ಮೂರು ವೋಲ್ಟಿನ ಬ್ಯಾಟರಿ. ಅದು ಹದಿನೈದು ಇಪ್ಪತ್ತು ವರ್ಷಕ್ಕೆ ಸಾಯುತ್ತದೆ. ಮೊನ್ನೆ ಶ್ರುತಪಂಚಮಿಯಂದು ಮನೆಯ ಗ್ರಂಥಗಳನ್ನು ಹೊರತೆಗೆದು ಒರೆಸಿಟ್ಟ ಮೇಲೆ ಅದೇ ಮಣೆಯ ಮೇಲೆ ಕಾರ್ಟ್ರಿಜನ್ನೂ ಇಟ್ಟು, ಸಂಜೆ ಕನ್ಸೋಲಿಗೆ ಸಿಕ್ಕಿಸಿದೆ. 110 ವೋಲ್ಟಿಗೆ ಇಳಿಸುವ ಪೆಟ್ಟಿಗೆ ಗುಂಯ್‌ಗುಟ್ಟಿತು. ಮೂರು ಸಾಲುಗಳೂ ಖಾಲಿ.

ಆದರೆ ಪ್ರತಿಯಂತ್ರ ಆಟವನ್ನಷ್ಟೇ ಅಲ್ಲ, ಈ ಉಳಿಸಿಟ್ಟ ಸಾಲುಗಳನ್ನೂ ಫ್ಲಾಪಿಗೆ ಇಳಿಸಬಲ್ಲುದು. ಕೇವಲ ಎಂಟು ಕಿಲೋಬೈಟು. ‘ಜೆಲ್ಡಾ, ಸೇವ್’ ಎಂದು ಅವನು ಬರೆದಿದ್ದ ಫ್ಲಾಪಿಯನ್ನು ಓದಲು ನಾನು ಎರಡು ವರ್ಷದಿಂದ ಹಿಂಜರಿದಿದ್ದೆ; ಒರೆಸುವಾಗ ಗೀಚಿಬಿಟ್ಟರೆ ಇನ್ನೊಂದು ಪ್ರತಿಯಿಲ್ಲ. ಅಂದು ಧೈರ್ಯ ಮಾಡಿದೆ. ಯಂತ್ರ ಕಿರ್‌ಕಿರ್ ಎಂದಿತು, ನಿಂತಿತು, ಮತ್ತೆ ಕಿರ್ ಎಂದಿತು. ತೆರೆಯ ಮೇಲೆ ಸಾಲುಗಳು ಬಂದವು. ಮೊದಲನೆಯದರಲ್ಲಿ ಅವನ ಹೆಸರು, ಎದುರಿಗೆ ಎರಡು ಸಾಲು ತುಂಬಿದ ಕೆಂಪು ಹೃದಯಗಳು. ಆಟವನ್ನು ಪೂರ್ತಿ ಆಡಿದ್ದ. ಎರಡನೆಯದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಣ್ಣ’. ಎದುರಿಗೆ ಮೂರೇ ಹೃದಯ. ಆಟ ಆರಂಭವಾಗುವಾಗ ಎಲ್ಲರಿಗೂ ಕೊಡುವಷ್ಟು. ಹೆಸರು ಬರೆದು ಇಟ್ಟಿದ್ದಾನೆ, ಯಾರೂ ಆಡಿಲ್ಲ.

ಮೊದಲು ಆ ಎಂಟು ಕಿಲೋಬೈಟನ್ನು ಹೊಸ ಫ್ಲಾಪಿಗಳೆರಡಕ್ಕೆ ಇಳಿಸಿದೆ. ಚೀಟಿಯ ಮೇಲೆ ಆಟದ ಹೆಸರು, ದಿನಾಂಕ, ಮೂಲ ಯಾರದೆಂಬುದನ್ನು ಬರೆದು, ತಾಳೆ ನೋಡಿ, ‘ಎರಡು ಸಲ ತಾಳೆ ನೋಡಿದೆ’ ಎಂದು ಸೇರಿಸಿದೆ. ಆಮೇಲೆ ಎರಡನೆಯ ಸಾಲನ್ನು ಆಯ್ದು ಗುಂಡಿ ಒತ್ತಿದೆ. ಹೊರಗೆ ಆಗತಾನೆ ಮಳೆ ಬಿಟ್ಟು ಮಾಡಿನ ಹನಿ ಮಾತ್ರ ತೊಟ್ಟಿಕ್ಕುತ್ತಿತ್ತು. ಆ ಆಟ ಆರಂಭವಾಗುವುದು ಒಂದು ಮಳೆಯ ರಾತ್ರಿಯಲ್ಲಿ. ಅದು ನನಗೆ ಗೊತ್ತಿರಲಿಲ್ಲ. ಒಬ್ಬ ಹುಡುಗ ಹಾಸಿಗೆಯಿಂದೆದ್ದು, ಬಾಗಿಲು ತೆರೆದು, ಸುರಿಯುವ ಮಳೆಯಲ್ಲಿ ಹೊರಗೆ ಬಂದು ನಿಲ್ಲುತ್ತಾನೆ. ಟಿ.ವಿ.ಯಿಂದ ಮಳೆಯ ಸದ್ದು ಕೋಣೆ ತುಂಬಿತು.

ಒಳಗಿನಿಂದ ಅಮ್ಮ ಕೇಳಿದಳು: ‘ಮತ್ತೆ ಮಳೆ ಹಿಡೀತೇನೋ?’